ಯಾರ ಮಾತು ಯಾರಿಗೆ ಕೇಳಬೇಕು

ಚಿತ್ರವೇ ಇಲ್ಲದೆ ಬರೀ ಅಕ್ಷರಗಳಲ್ಲಿ ಹತ್ತಾರು ಜನ ಏಕಕಾಲಕ್ಕೆ ಆಡುವ ಆಟವೊಂದನ್ನು ಬರೆಯಬೇಕೆಂದು ಹೊರಟವರು ಹೆಚ್ಚಾಗಿ ಕತ್ತಿಯಿಂದಲೇ ಶುರು ಮಾಡುತ್ತಾರೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಸಂಗತಿ. ಯಾವ ಕತ್ತಿಗೆ ಎಷ್ಟು ಹಾನಿ, ಯಾವ ಕವಚ ಎಷ್ಟು ತಡೆಯುತ್ತದೆ, ಎಷ್ಟು ಶತ್ರುಗಳನ್ನು ಕೊಂದರೆ ಮುಂದಿನ ಹಂತ ಎಂಬ ಲೆಕ್ಕಗಳಿಂದ ನೋಟುಬುಕ್ಕು ತುಂಬಿ ಹೋಗಿರುತ್ತದೆ, ಆದರೆ ಒಂದು ಸಾಲು ಕೋಡ್ ಕೂಡ ಓಡಿರುವುದಿಲ್ಲ. ವಿಜಯಪುರದಲ್ಲೇ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಅಂಥದ್ದೇ ನೋಟುಬುಕ್ಕನ್ನು ಹಿಡಿದುಕೊಂಡು ಬಂದ. ಅವನ ಆಟದ ಲೋಕ 1660ರ ಸುಮಾರಿನ ವಿಜಯಪುರ. ಎರಡನೆಯ ಅಲಿ ಆದಿಲ್‌ಶಾಹನ ಆಳ್ವಿಕೆ, ಗೋಲಗುಮ್ಮಟ ಮುಗಿದು ಕೆಲವೇ ವರ್ಷವಾಗಿರುವ ಕಾಲ. ವಸ್ತು ಚೆನ್ನಾಗಿತ್ತು, ಹುಡುಗ ಓದಿಕೊಂಡೂ ಇದ್ದ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ನಾನು, "ಇಬ್ಬರು ಒಂದೇ ಕಡೆ ನಿಂತಾರಂತ ಇಟ್ಕೋ, ಒಬ್ಬ ಮಾತಾಡಿದ್ದು ಇನ್ನೊಬ್ಬಗ ಹೆಂಗ ಕೇಳಸ್ತದ?" ಎಂದು ಕೇಳಿದೆ. "ಅದೇನ್ ಬಿಡ್ರಿ ಮಾಮಾ, ಅದು ಬರೇ ಚಾಟು. ಕಡೀಕ ಹಾಕಿದ್ರಾತು" ಎಂದ.

ಕಡೆಗೆ ಹಾಕುವ ವಿಷಯವಲ್ಲ ಅದು. ಇಂಥ ಆಟದಲ್ಲಿ ಕತ್ತಿಯ ಏಟೂ ಒಂದು ಸಾಲು ಪಠ್ಯ, ಮಳೆಯೂ ಒಂದು ಸಾಲು ಪಠ್ಯ, ಸಾವೂ ಅಷ್ಟೇ. ನಡೆಯುವುದೆಲ್ಲ ಯಾರದೋ ಪರದೆಯ ಮೇಲೆ ಒಂದು ಸಾಲಾಗಿ ಮೂಡಬೇಕು, ಇಲ್ಲವೇ ಮೂಡಬಾರದು. ಯಾವ ಸಾಲು ಯಾರ ಪರದೆಗೆ ಹೋಗಬೇಕು ಎಂದು ತೀರ್ಮಾನಿಸುವ ಭಾಗವೇ ಆಟದ ಎಂಜಿನ್, ಮಿಕ್ಕದ್ದೆಲ್ಲ ಅದರ ಮೇಲೆ ಏರಿಸುವ ಸರಕು. ಆದ್ದರಿಂದ ಮೊದಲು ಬರೆಯಬೇಕಾದದ್ದು ಇಷ್ಟೇ: ಇಬ್ಬರು ಬಂದು ಸೇರಬಹುದಾದ ಒಂದು ಸರ್ವರ್, ಒಬ್ಬ ಬರೆದ ಸಾಲನ್ನು ಇನ್ನೊಬ್ಬನಿಗೆ ಕಳಿಸುವ ಒಂದು ಲೂಪ್. ಪೈಥಾನ್‌ನಲ್ಲಿ ಬರೆದರೆ ಅದು ಒಂದು ಪುಟದ ಆಚೆ ಹೋಗುವುದಿಲ್ಲ. ಆಮೇಲೆ ಪ್ರತಿ ಆಟಗಾರನಿಗೆ ‘ಕೋಣೆ’ ಎಂಬ ಒಂದು ಗುಣ ಸೇರಿಸಿ, ಅದೇ ಕೋಣೆಯಲ್ಲಿರುವವರಿಗೆ ಮಾತ್ರ ಸಾಲು ಹೋಗುವಂತೆ ಒಂದು ‘ಇಫ್’ ಹಾಕಿದ ಕ್ಷಣದಲ್ಲಿ ಚಾಟ್ ಹೋಗಿ ಆಟ ಹುಟ್ಟುತ್ತದೆ, ಏಕೆಂದರೆ ಆಗ ಮೊದಲ ಬಾರಿಗೆ ‘ಇಲ್ಲಿ’ ಮತ್ತು ‘ಅಲ್ಲಿ’ ಎಂಬ ಭೇದ ಬರುತ್ತದೆ. (ಇಂಥ ಆಟಗಳಲ್ಲಿ ಬಯಲೂ ಕೋಣೆಯೇ, ಬಾವಿಯ ದಂಡೆಯೂ ಕೋಣೆಯೇ. ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.)

ಹಳಬರು ಬಿಟ್ಟುಹೋದ ಬುದ್ಧಿ

ಈ ಬಗೆಯ ಆಟಕ್ಕೆ ಮಡ್ (ಮಲ್ಟಿ-ಯೂಸರ್ ಡಂಜನ್) ಎಂಬ ಹೆಸರು ಬಂದದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಅಲ್ಲಿಯ ಡೆಕ್ ಕಂಪನಿಯ ಪಿಡಿಪಿ-10 ಯಂತ್ರದ ಮೇಲೆ ಬರೆದ ಆಟದಿಂದ. ಜೊತೆಗಿದ್ದ ರಿಚರ್ಡ್ ಬಾರ್ಟಲ್ ಮುಂದೆ ಅದನ್ನು ಬೆಳೆಸಿದರು. ಅವರ ಆಟದಲ್ಲಿ ನಾನು ಗಮನಿಸುವುದು ಒಂದೇ ಅಂಶ. ಕೋಣೆಗಳನ್ನೂ ವಸ್ತುಗಳನ್ನೂ ವಿವರಿಸಲು ಅವರು ಪ್ರತ್ಯೇಕವಾದ ಸಣ್ಣ ಭಾಷೆಯೊಂದನ್ನು ಕಟ್ಟಿಕೊಂಡಿದ್ದರು, ಲೋಕದ ವಿವರ ಬೇರೆ, ಅದನ್ನು ನಡೆಸುವ ಕೋಡ್ ಬೇರೆ. 1989ರಲ್ಲಿ ಸ್ವೀಡನ್ನಿನ ಲಾರ್ಸ್ ಪೆನ್‌ಷೋ ಬರೆದ ಎಲ್‌ಪಿಮಡ್ ಇದನ್ನು ಇನ್ನೂ ಮುಂದೆ ಒಯ್ದು, ಆಟ ನಡೆಯುತ್ತಿರುವಾಗಲೇ ಹೊಸ ಕೋಣೆಯ ಕೋಡನ್ನು ಸೇರಿಸುವ ಸೌಕರ್ಯ ಕೊಟ್ಟಿತು. ಅದಾದ ಸ್ವಲ್ಪ ಸಮಯಕ್ಕೆ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹೊರತಂದ ಡಿಕುಮಡ್‌ನಲ್ಲಿ ಇಡೀ ಲೋಕ ಸರಳ ಪಠ್ಯದ ಫೈಲುಗಳಲ್ಲಿರುತ್ತದೆ. ಮೊದಲ ದಿನವೇ ಈ ವಿಂಗಡಣೆ ಮಾಡಿಕೊಳ್ಳದವರ ಗತಿ ನನಗೆ ಗೊತ್ತಿದೆ: ವಿಜಯಪುರದ ದೊಡ್ಡ ಬಾವಿಯಾದ ತಾಜ್ ಬಾವಡಿಯ ವರ್ಣನೆಯಲ್ಲಿ ಒಂದು ಕಾಗುಣಿತ ತಿದ್ದಲು ಸರ್ವರನ್ನು ನಿಲ್ಲಿಸಿ, ಆಡುತ್ತಿರುವವರನ್ನೆಲ್ಲ ಹೊರಗೆ ಹಾಕಬೇಕಾಗುತ್ತದೆ.

ಡಿಕುಮಡ್‌ನಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಅದರ ‘ಆಕ್ಟ್’ ಎಂಬ ಫಂಕ್ಷನ್. ಒಂದು ಘಟನೆಯನ್ನು ಹೇಳುವಾಗ ಕೇಳುಗರು ಯಾರೆಂದು ಅದಕ್ಕೆ ಹೇಳಬೇಕು: ಮಾಡಿದವನಿಗೋ, ಮಾಡಿಸಿಕೊಂಡವನಿಗೋ, ಮಾಡಿದವನನ್ನು ಬಿಟ್ಟು ಕೋಣೆಯಲ್ಲಿರುವ ಎಲ್ಲರಿಗೋ, ಅಥವಾ ಅವರಿಬ್ಬರನ್ನೂ ಬಿಟ್ಟು ಉಳಿದವರಿಗೋ. ಒಬ್ಬ ಇನ್ನೊಬ್ಬನಿಗೆ ದೀಪ ಕೊಟ್ಟರೆ ಮೂರು ಬೇರೆ ಬೇರೆ ವಾಕ್ಯಗಳು ಮೂರು ಬಗೆಯ ಪರದೆಗಳಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ಇದು ಸಲೀಸು, ಕನ್ನಡದಲ್ಲಿ ಹಾಗಲ್ಲ. ಕೊಟ್ಟ, ಕೊಟ್ಟಳು, ಕೊಟ್ಟರು ಎಂಬ ಆಯ್ಕೆ ಪ್ರತಿ ಸಾಲಿನಲ್ಲೂ ಎದುರಾಗುತ್ತದೆ. ಎಲ್ಲರಿಗೂ ಗೌರವದ ಬಹುವಚನವನ್ನೇ ಹಾಕಿಬಿಡೋಣ ಎಂದು ನಾನು ಸೂಚಿಸಿದೆ. "ಕಳ್ಳರು ಬಂದರು ಅಂದ್ರ ಒಬ್ಬ ಬಂದಾನೋ ಹತ್ತು ಮಂದಿ ಬಂದಾರೋ ಹೆಂಗ್ ತಿಳೀಬೇಕ್ರಿ?" ಎಂದು ಅಳಿಯ ಕೇಳಿದಾಗ ಉತ್ತರವಿರಲಿಲ್ಲ. ವಿಭಕ್ತಿಯ ಪಾಡೂ ಹಾಗೆಯೇ. ದೀಪವನ್ನು, ಕತ್ತಿಯನ್ನು ಎಂಬುವು ನಿಯಮಕ್ಕೆ ಸಿಗುತ್ತವೆ, ಆದರೆ ‘ಉ’ಕಾರದಲ್ಲಿ ಮುಗಿಯುವ ಕಲ್ಲು ಕಲ್ಲನ್ನು ಆಗುತ್ತದೆ, ಹಸು ಮಾತ್ರ ಹಸುವನ್ನು ಆಗುತ್ತದೆ. ವ್ಯಾಕರಣವನ್ನೆಲ್ಲ ಕೋಡಿಗೆ ಕಲಿಸಲು ಹೋಗದೆ, ಪ್ರತಿ ವಸ್ತುವಿನ ಫೈಲಿನಲ್ಲಿ ಬೇಕಾದ ರೂಪಗಳನ್ನು ಕೈಯಾರೆ ಬರೆದಿಡುವುದೇ ಲೇಸು. ನೂರಾರು ವಸ್ತುಗಳಿರುವ ಆಟಕ್ಕೂ ಅದು ಒಂದು ಸಂಜೆಯ ಕೆಲಸ.

ಸಾಲು ಮುಗಿಯುವುದು ಎಲ್ಲಿ

ಹೊಸಬರು ಮೊದಲು ಎಡವುವುದು ಇಲ್ಲಿ. ಆಟಗಾರ ‘ನೋಡು’ ಎಂದು ಬರೆದು ಎಂಟರ್ ಒತ್ತಿದರೆ ಸರ್ವರಿಗೆ ‘ನೋಡು’ ಎಂದೇ ಬರುತ್ತದೆ ಎಂದು ನಂಬುತ್ತಾರೆ, ತಮ್ಮ ಕಂಪ್ಯೂಟರಿನಲ್ಲೇ ಪರೀಕ್ಷಿಸುವಾಗ ಹಾಗೆ ಬರುತ್ತದೆ ಕೂಡ. ಆದರೆ ಇಂಟರ್ನೆಟ್ಟಿನಲ್ಲಿ ಮಾಹಿತಿಯನ್ನು ಒಯ್ಯುವ ಟಿಸಿಪಿ ಎಂಬ ವ್ಯವಸ್ಥೆ ಸಂದೇಶಗಳನ್ನು ಸಾಗಿಸುವುದಿಲ್ಲ, ಬೈಟುಗಳ ಹರಿವನ್ನು ಸಾಗಿಸುತ್ತದೆ. ಆಲಮಟ್ಟಿಯ ಕಾಲುವೆಗೆ ಮೇಲೆ ಯಾರು ಎಷ್ಟು ಕೊಡ ನೀರು ಸುರಿದರೆಂದು ಕೆಳಗಿನ ಹೊಲದವನಿಗೆ ತಿಳಿಯದಿರುವಂತೆ, ಎರಡು ಕಮಾಂಡುಗಳು ಕೂಡಿಕೊಂಡು ಬರಬಹುದು, ಒಂದೇ ಕಮಾಂಡು ಎರಡು ತುಂಡಾಗಿಯೂ ಬರಬಹುದು. ಕನ್ನಡದವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. ‘ನೋಡು’ ಎಂಬುದರಲ್ಲಿ ನ, ಓತ್ವ, ಡ, ಉತ್ವ ಎಂದು ನಾಲ್ಕು ಸಂಕೇತಗಳಿದ್ದು ಒಟ್ಟು 12 ಬೈಟುಗಳಾಗುತ್ತವೆ. ಹರಿವು ಐದನೆಯ ಬೈಟಿಗೆ ತುಂಡಾದರೆ ಓತ್ವ ಎರಡು ಹೋಳಾಗಿ, ಅದನ್ನು ಅಲ್ಲೇ ಅಕ್ಷರವಾಗಿಸಲು ಹೋದ ಪೈಥಾನ್ ದೋಷ ಹೇಳಿ ನಿಂತುಬಿಡುತ್ತದೆ. ಪರಿಹಾರ ಸರಳ: ಬಂದ ಬೈಟುಗಳನ್ನು ಹಾಗೆಯೇ ಕೂಡಿಟ್ಟುಕೊಂಡು, ಸಾಲಿನ ಕೊನೆಯನ್ನು ಸೂಚಿಸುವ 10 ಎಂಬ ಬೈಟು ಸಿಕ್ಕ ಮೇಲೆ ಮಾತ್ರ ಆ ತನಕದ ಭಾಗವನ್ನು ಅಕ್ಷರಕ್ಕೆ ತಿರುಗಿಸಬೇಕು. ಕನ್ನಡ ಅಕ್ಷರದ ಮೂರೂ ಬೈಟುಗಳ ಬೆಲೆ 128 ಅಥವಾ ಅದಕ್ಕಿಂತ ಹೆಚ್ಚೇ ಇರುವುದರಿಂದ ಅವುಗಳ ನಡುವೆ ಈ 10 ತಪ್ಪಿಯೂ ಬರುವುದಿಲ್ಲ. ಇಂಥ ಆಟಗಳಿಗೆ ಸಂಪರ್ಕ ಕಲ್ಪಿಸುವ ಹಳೆಯ ವಿಧಾನವಾದ ಟೆಲ್ನೆಟ್ ತನ್ನ ಒಳಮಾತಿಗೆ ಬಳಸುವ 255 ಎಂಬ ಬೈಟು ಯುಟಿಎಫ್-8ರಲ್ಲಿ ಎಲ್ಲಿಯೂ ಬರದಿರುವುದು ಇನ್ನೊಂದು ಭಾಗ್ಯ. 1983ರ ಟೆಲ್ನೆಟ್ ಒಪ್ಪಂದವನ್ನು ಬರೆದವರ ಕಣ್ಣ ಮುಂದೆ ಕನ್ನಡ ಇರಲಿಲ್ಲ, ಆದರೂ ನಮ್ಮ ಅಕ್ಷರಗಳು ಅದರೊಳಗೆ ನಿರಾತಂಕವಾಗಿ ಹಾದುಹೋಗುತ್ತವೆ.

ಅಕ್ಷರಕ್ಕೆ ತಿರುಗಿಸಿದ ಮೇಲೂ ಒಂದು ಹೆಜ್ಜೆ ಬಾಕಿಯಿದೆ. ಅದೇ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತರುವ ಒಂದು ಸಾಲು ಕೋಡ್ ಹಾಕಿದರೆ ಈ ಭೇದ ಅಳಿಯುತ್ತದೆ. ಹೆಸರುಗಳಲ್ಲಿ ಅಡಗಿರುವ, ಕಣ್ಣಿಗೆ ಕಾಣದ ಜೋಡಣೆಯ ಗುರುತುಗಳನ್ನೂ ಆಗಲೇ ತೆಗೆದುಹಾಕುವುದು ಒಳ್ಳೆಯದು, ಇಲ್ಲದಿದ್ದರೆ ಒಂದೇ ಹೆಸರಿನ ಇಬ್ಬರು ಆಟಗಾರರು ನಿಮ್ಮ ಊರಿನಲ್ಲಿ ತಿರುಗಾಡತೊಡಗುತ್ತಾರೆ. ಟೆಲ್ನೆಟ್ ಓಡುವ ಟರ್ಮಿನಲ್ಲಿನಲ್ಲಿ, ಅಂದರೆ ಬರೀ ಅಕ್ಷರದ ಕಿಟಕಿಯಲ್ಲಿ, ಒತ್ತಕ್ಷರಗಳು ಒಡೆದು ಕಾಣುವುದೇ ಹೆಚ್ಚಾದ್ದರಿಂದ, ಆಟಗಾರರಿಗೆ ಬ್ರೌಸರಿನಲ್ಲಿ ತೆರೆಯುವ ಒಂದು ಪುಟವನ್ನೇ ಕೊಟ್ಟು, ಸಂಪರ್ಕವನ್ನು ತೆರೆದೇ ಇಡುವ ವೆಬ್‌ಸಾಕೆಟ್ ಮೂಲಕ ಜೋಡಿಸುವುದು ವಾಸಿ. ಟೆಲ್ನೆಟ್ ನಮ್ಮ ಪರೀಕ್ಷೆಗೆ ಇರಲಿ.

ಪಿಸುಮಾತಿನ ಮೊಗಸಾಲೆ

ಗೋಲಗುಮ್ಮಟದ ಮೇಲೆ ಹತ್ತಿದವರಿಗೆ ಗೊತ್ತು, ಪಿಸುಮಾತಿನ ಗ್ಯಾಲರಿಯಲ್ಲಿ ಈಗ ಯಾರೂ ಪಿಸುಗುಟ್ಟುವುದಿಲ್ಲ. ಶಾಲಾ ಪ್ರವಾಸದ ಕಾಲದಲ್ಲಂತೂ ಒಂದು ಜಿಲ್ಲೆಯ ಮಕ್ಕಳೆಲ್ಲ ಒಂದೇ ಸಲ ಕಿರುಚಿದಂತಿರುತ್ತದೆ. ಬೆಳಗಿನ ಮೊದಲ ಹೊತ್ತಿಗೆ ಹೋದರೆ ಮಾತ್ರ ಅದರ ನಿಜವಾದ ಗುಣ ತಿಳಿಯುತ್ತದೆ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಬಾಗಿದ ಗೋಡೆಯನ್ನೇ ಹಿಡಿದು ಸಾಗಿ ಎದುರು ಬದಿಯವನ ಕಿವಿಗೆ ಬೀಳುತ್ತದೆ, ನಡುವೆ ಕಟಕಟೆಗೆ ಒರಗಿ ನಿಂತವನಿಗೆ ಕೇಳುವುದೇ ಇಲ್ಲ. ‘ಒಂದೇ ಕೋಣೆಯಲ್ಲಿದ್ದವರಿಗೆಲ್ಲ ಕೇಳಬೇಕು’ ಎಂಬ ನಮ್ಮ ನಿಯಮವನ್ನು ಮುರಿಯುವ ಕೋಣೆಯಿದು, ಆದ್ದರಿಂದಲೇ ಇದನ್ನು ಎರಡನೆಯ ಪಾಠವಾಗಿ ಇಟ್ಟುಕೊಂಡೆವು. ಗುಮ್ಮಟವನ್ನು ಹೊತ್ತಿರುವ ಕಮಾನುಗಳು ಎಂಟು. ಅದನ್ನೇ ಆಧಾರವಾಗಿ ಹಿಡಿದು ಗ್ಯಾಲರಿಯಲ್ಲಿ ಸೊನ್ನೆಯಿಂದ ಏಳರವರೆಗೆ ಎಂಟು ನೆಲೆಗಳನ್ನು ಗುರುತಿಸಿದೆವು. ಪಿಸುಮಾತು ಆಡಿದವನ ನೆಲೆಗೆ ನಾಲ್ಕನ್ನು ಕೂಡಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಎದುರಿನ ನೆಲೆ, ಅಲ್ಲಿ ನಿಂತವನಿಗೆ ಮಾತ್ರ ಸಾಲು ಹೋಗುತ್ತದೆ. ಅಳಿಯನಿಗೆ ಅದು ಕೆಲಸ ಮಾಡಿದಾಗ ಆದ ಖುಷಿ, ನೋಟುಬುಕ್ಕಿನ ಯಾವ ಕತ್ತಿಯಿಂದಲೂ ಆದದ್ದನ್ನು ನಾನು ಕಾಣೆ.

ಆ ಖುಷಿಯಲ್ಲಿಯೇ ಅವನು ಪ್ರತಿಧ್ವನಿಯನ್ನೂ ಹಾಕಿದ. ಇಲ್ಲಿ ಚಪ್ಪಾಳೆ ತಟ್ಟಿದರೆ ಏಳು ಸಲ ಮರುದನಿ ಬರುತ್ತದೆ ಎಂದು ಗೈಡುಗಳು ಹೇಳುವ ಲೆಕ್ಕವನ್ನೇ ಹಿಡಿದು, ಕೂಗಿದ ಮಾತನ್ನು ಏಳು ಸಲ ಮುದ್ರಿಸುವ ಲೂಪ್ ಬರೆದು, ಪ್ರತಿ ಸಲಕ್ಕೂ ನಡುವೆ ಒಂದು ಸೆಕೆಂಡಿನ ‘ಸ್ಲೀಪ್’ ಇಟ್ಟ. (ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್ ಆದ್ದರಿಂದ ನಿಜವಾದ ಮರುದನಿ ಕಾಲು ಸೆಕೆಂಡಿಗೂ ಮೊದಲೇ ಬಂದುಬಿಡುತ್ತದೆ, ಅಷ್ಟು ಬೇಗ ಓದಲಾಗದು ಎಂದು ಒಂದು ಸೆಕೆಂಡು ಮಾಡಿದ್ದು ಅವನ ಜಾಣತನ.) ಆ ರಾತ್ರಿ ಅವನ ಗೆಳೆಯ ಕೋಟೆಯ ಮಕ್ಕಾ ಬಾಗಿಲಿನ ಹತ್ತಿರ ಆಡುತ್ತಿದ್ದ. ಇವನು ಗ್ಯಾಲರಿಯಲ್ಲಿ ನಿಂತು "ಹೋ" ಎಂದು ಕೂಗಿದ ಕೂಡಲೇ ಊರಿನ ಇನ್ನೊಂದು ತುದಿಯಲ್ಲಿದ್ದ ಗೆಳೆಯನ ಪರದೆ ಸ್ತಬ್ಧವಾಯಿತು. ಅವನು ಸಿಟ್ಟಿನಿಂದ ಮೇಲಿಂದ ಮೇಲೆ ಕಮಾಂಡು ಒತ್ತಿದ, ಏನೂ ಆಗಲಿಲ್ಲ. ಏಳನೆಯ ಮರುದನಿ ಮುಗಿದ ಮೇಲೆ ಎಲ್ಲವೂ ಒಟ್ಟಿಗೆ ನುಗ್ಗಿ, ಅವನ ಸಿಪಾಯಿ ಒಂದೇ ಉಸಿರಿಗೆ ಕೋಟೆಯಾಚೆ ಹೋಗಿ ನಿಂತಿದ್ದ. ಸರ್ವರ್ ಒಂದೇ ಎಳೆಯಲ್ಲಿ ಓಡುತ್ತಿರುವಾಗ ಅದನ್ನು ಮಲಗಿಸಿದರೆ ಇಡೀ ಊರೇ ಮಲಗುತ್ತದೆ.

ಹಾಗಾದರೆ ಪ್ರತಿ ಆಟಗಾರನಿಗೂ ಒಂದೊಂದು ಥ್ರೆಡ್, ಅಂದರೆ ಪ್ರತ್ಯೇಕವಾಗಿ ಓಡುವ ಎಳೆ, ಕೊಡೋಣ ಎಂಬ ಆಲೋಚನೆ ಎಲ್ಲರಿಗೂ ಬರುತ್ತದೆ. ನನ್ನ ಮಟ್ಟಿಗೆ ಆ ದಾರಿ ಬೇಡ. ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ದೀಪಕ್ಕೆ ಕೈ ಹಾಕಿದಾಗ ಎರಡೂ ಥ್ರೆಡ್‌ಗಳು ‘ದೀಪ ಇದೆ’ ಎಂದು ನೋಡಿಕೊಂಡು ಇಬ್ಬರ ಕೈಗೂ ಒಂದೊಂದು ದೀಪ ಕೊಟ್ಟುಬಿಡಬಹುದು. ಅಂಥ ದೋಷ ಬೇಕೆಂದಾಗ ಸಿಗುವುದಿಲ್ಲ, ಬೇಡವಾದಾಗ ಬರುತ್ತದೆ. ಒಂದೇ ಎಳೆಯಲ್ಲಿದ್ದು, ಪೈಥಾನ್‌ನ ಅಸಿಂಕ್‌ಐಓ ಕೊಡುವ ಕಾಯುವಿಕೆಯನ್ನು ಬಳಸಿದರೆ ಸಾಕು. ಈ ಕೆಲಸ ಕಾಯುತ್ತಿರುವಾಗ ಉಳಿದವರ ಕೆಲಸ ನಡೆದಿರುತ್ತದೆ. ಆದರೆ ಅದರಿಂದ ಒಂದು ಹೊಸ ಪ್ರಶ್ನೆ ಹುಟ್ಟಿತು. ಕೂಗಿದವನು ಮೂರನೆಯ ಮರುದನಿಗೆ ಮೆಟ್ಟಿಲಿಳಿದು ಹೋದರೆ, ನಾಲ್ಕನೆಯದು ಯಾರಿಗೆ ಕೇಳಬೇಕು? ಕೂಗುವಾಗ ಅಲ್ಲಿದ್ದವರ ಪಟ್ಟಿಯನ್ನು ಹಿಡಿದಿಟ್ಟುಕೊಂಡರೆ ಅದು ಅವನ ಹಿಂದೆಯೇ ಮೆಟ್ಟಿಲಿನವರೆಗೂ ಬರುತ್ತದೆ, ಅದು ಅಸಂಬದ್ಧ. ಪ್ರತಿ ಸಲವೂ ಆ ಗಳಿಗೆಯಲ್ಲಿ ಗ್ಯಾಲರಿಯಲ್ಲಿರುವವರನ್ನು ಹೊಸದಾಗಿ ಕೇಳಿಕೊಳ್ಳಬೇಕು. ಮರುದನಿ ಕೂಗಿದವನ ಸ್ವತ್ತಲ್ಲ, ಆ ಜಾಗದ ಸ್ವತ್ತು.

ಅಕ್ಕ ಆಡಿದ್ದು

ಕಮಾಂಡುಗಳನ್ನು ಅರ್ಥ ಮಾಡಿಕೊಳ್ಳುವ ಭಾಗವನ್ನು ಇಂಗ್ಲಿಷ್ ಮಾದರಿಗಳಿಂದ ಎತ್ತಿಕೊಳ್ಳುವವರು ಮೊದಲ ಪದವನ್ನು ಕ್ರಿಯೆ ಎಂದು ಹಿಡಿಯುತ್ತಾರೆ. ನಾವು ಕೊನೆಯ ಪದವನ್ನು ಹಿಡಿಯಬೇಕು. ‘ಪೆಟ್ಟಿಗೆಯೊಳಗೆ ದೀಪ ಇಡು’ ಎಂದಾಗ ಯಾವುದು ಎಲ್ಲಿಗೆ ಎಂಬುದನ್ನು ಪದಗಳ ಬಾಲವೇ ಹೇಳುವುದರಿಂದ, ಅವುಗಳ ಸ್ಥಾನ ಅದಲುಬದಲಾದರೂ ತೊಂದರೆಯಿಲ್ಲ. ಇದೆಲ್ಲ ಸರಿಯಾಗಿದೆ ಎಂದು ಅಳಿಯ ತನ್ನ ತಾಯಿಯ ಮುಂದೆ ಮೊಬೈಲ್ ಇಟ್ಟ. ಅಕ್ಕ ಕನ್ನಡಕ ಏರಿಸಿಕೊಂಡು, ಮಕ್ಕಾ ಬಾಗಿಲಿನ ಕಾವಲುಗಾರ ಎದುರು ನಿಂತಿರುವ ವರ್ಣನೆಯನ್ನು ಪೂರ್ತಿ ಓದಿ, "ಸ್ವಲ್ಪ ಬಾಗಿಲಾ ತಗೀರಿ" ಎಂದು ಬರೆದಳು. ‘ಅರ್ಥವಾಗಲಿಲ್ಲ’ ಎಂದು ಆಟ ಹೇಳಿತು. "ಇಷ್ಟು ಮರ್ಯಾದಿಲೆ ಕೇಳಿದ್ರೂ ಹಿಂಗಂತಾನಲ್ಲಪಾ ಇವ" ಎಂದು ಫೋನು ವಾಪಸು ಕೊಟ್ಟಳು. ತೆಗೆ, ತಗಿ, ತಗೀರಿ, ತೆಗೆಯಿರಿ ಎಲ್ಲವೂ ಒಂದೇ ಕ್ರಿಯೆಗೆ ಸೇರಬೇಕು, ‘ಸ್ವಲ್ಪ’ ಎಂಬುದನ್ನು ಕಣ್ಣು ಮುಚ್ಚಿ ಬಿಟ್ಟುಬಿಡಬೇಕು. ಮೊದಲ ಎರಡು ಸಂಕೇತಗಳಿಂದಲೇ ಗುರುತಿಸುವ ಹಳೆಯ ಜಾಣ್ಮೆಗೂ ಇಲ್ಲಿ ಮಿತಿಯಿದೆ, ಏಕೆಂದರೆ ‘ತಗಿ’ಯ ಪಕ್ಕದಲ್ಲೇ ‘ತಗೋ’ ಕುಳಿತಿದೆ. ಪಟ್ಟಿ ಮಾಡುವುದೊಂದೇ ದಾರಿ, ಮತ್ತು ಆ ಪಟ್ಟಿಯನ್ನು ಮಾಡಲು ಪ್ರೋಗ್ರಾಮರ್ ಅಲ್ಲದವರಿಂದಲೇ ಆಡಿಸಬೇಕು. ಅರ್ಥವಾಗದ ಪ್ರತಿ ಸಾಲನ್ನೂ ಸರ್ವರ್ ಒಂದು ಫೈಲಿಗೆ ಬರೆದಿಡುವಂತೆ ಮಾಡಿದರೆ, ವಾರಕ್ಕೊಮ್ಮೆ ಅದನ್ನು ಓದುವುದು ಆಟ ಆಡುವುದಕ್ಕಿಂತ ಸೊಗಸು.

ಲೈಟು ಹೋದಾಗ

ಬೇಸಿಗೆಯ ಒಂದು ಸಂಜೆ ಅಳಿಯನೂ ಬಾಗಲಕೋಟೆಯಲ್ಲಿದ್ದ ಅವನ ಇನ್ನೊಬ್ಬ ಗೆಳೆಯನೂ ತಾಜ್ ಬಾವಡಿಯ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದರು, ಅಂದರೆ ಅವರ ಪಾತ್ರಗಳು. ಗೆಳೆಯ ನಡುವೆಯೇ ಸುಮ್ಮನಾದ. ಇವನು ಕರೆದ, ಬೈದ, ಅವನ ಪಾತ್ರದ ಕೈಗೆ ಹೂಜಿ ಕೊಟ್ಟ, ಆಟ ಅದನ್ನು ‘ಕೊಟ್ಟೆ’ ಎಂದು ಒಪ್ಪಿಕೊಂಡಿತು. ಕೊನೆಗೆ ಫೋನಿನಲ್ಲಿ, "ಲೈಟ್ ಹೋಗ್ಯಾವಲೇ, ವೈಫೈ ಬಂದ್ ಆಗೇದ" ಎಂಬ ಉತ್ತರ ಬಂತು. ಆಟದಿಂದ ಹೊರಹೋಗುವವನು ಸರಿಯಾಗಿ ವಿದಾಯ ಹೇಳಿದರೆ ಮಾತ್ರ ಸರ್ವರಿಗೆ ಒಡನೆ ತಿಳಿಯುತ್ತದೆ. ರೌಟರಿನ ವಿದ್ಯುತ್ತು ಹೋದರೆ ವಿದಾಯದ ಪ್ಯಾಕೆಟ್ಟೂ ಹೊರಡುವುದಿಲ್ಲ, ಸಂಪರ್ಕ ಜೀವಂತವಾಗಿದೆ ಎಂದೇ ಸರ್ವರ್ ನಂಬಿಕೊಂಡಿರುತ್ತದೆ. ಲಿನಕ್ಸಿನಲ್ಲಿ ಟಿಸಿಪಿಯ ಕೀಪ್‌ಅಲೈವ್ ಸೌಲಭ್ಯವನ್ನು ಚಾಲೂ ಮಾಡಿದರೂ ಮೊದಲ ವಿಚಾರಣೆಗೆ ಅದು ಸಹಜವಾಗಿ ಕಾಯುವುದು 7,200 ಸೆಕೆಂಡು, ಅಂದರೆ ಎರಡು ತಾಸು. ನಮ್ಮ ಕಡೆ ಅಷ್ಟರೊಳಗೆ ಲೈಟು ಬಂದು ಮತ್ತೆ ಹೋಗಿರುತ್ತದೆ. ಆದ್ದರಿಂದ ಅರ್ಧ ನಿಮಿಷಕ್ಕೊಮ್ಮೆ ಸರ್ವರೇ ‘ಇದ್ದೀಯಾ’ ಎಂದು ವಿಚಾರಿಸುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು. ಉತ್ತರ ಬಾರದಿದ್ದರೆ ಪಾತ್ರವನ್ನು ಕೂಡಲೇ ಅಳಿಸದೆ, ‘ಮಂಪರಿನಲ್ಲಿ ನಿಂತಿದ್ದಾನೆ’ ಎಂದು ಸುತ್ತಲಿನವರಿಗೆ ತೋರಿಸಿ ಕೆಲವು ನಿಮಿಷ ಕಾಯಬೇಕು. ಅವನು ಮರಳಿ ಬಂದಾಗ ‘ಈ ಹೆಸರಿನವರು ಈಗಾಗಲೇ ಆಡುತ್ತಿದ್ದಾರೆ’ ಎಂದು ತಡೆಯದೆ, ಹಳೆಯ ಪಾತ್ರದೊಳಗೇ ಸೇರಿಸಿಕೊಳ್ಳಬೇಕು.

ಮಲಿಕ್-ಎ-ಮೈದಾನ್

ಕತ್ತಿಗಳ ಸರದಿ ಇನ್ನೂ ಬಂದಿಲ್ಲ, ಆದರೆ ತೋಪು ಬಂದಿದೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಮಲಿಕ್-ಎ-ಮೈದಾನ್ ಪಶ್ಚಿಮದ ಬುರುಜಿನ ಮೇಲಿದೆ. ಅದನ್ನು ಹಾರಿಸುವವನು ಸದ್ದಿಗೆ ಅಂಜಿ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂದು ಊರಿನವರು ಹೇಳುತ್ತಾರೆ. ಆಟದಲ್ಲಿ ಅದು ಸಿಡಿದರೆ ಒಂದು ಕೋಣೆಗಷ್ಟೇ ಕೇಳಿದರೆ ನಗೆಪಾಟಲು, ಇಡೀ ಊರಿಗೆ ಒಂದೇ ವಾಕ್ಯ ಹೋದರೂ ಪೆದ್ದುತನ. ಬುರುಜಿನಿಂದ ಹೊರಟು ಒಂದು ಬಾಗಿಲು ದೂರದ ಕೋಣೆಗಳು, ಆಮೇಲೆ ಎರಡು ಬಾಗಿಲು ದೂರದವು ಎಂದು ಪದರ ಪದರವಾಗಿ ಹುಡುಕುತ್ತ ಹೋಗುವ, ಎರಡನೆಯ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಧಾನವನ್ನೇ ಬಳಸಿ, ದೂರಕ್ಕೆ ತಕ್ಕಂತೆ ವಾಕ್ಯವನ್ನು ಆರಿಸಿದೆವು: ಹತ್ತಿರದವನಿಗೆ ಕಿವಿ ಗವ್ವೆನ್ನುತ್ತದೆ, ಶಹಾಪುರ ಬಾಗಿಲಿನವನಿಗೆ ನೆಲ ನಡುಗುತ್ತದೆ, ಇನ್ನೂ ಆಚೆಯವನಿಗೆ ದೂರದ ಗುಡುಗು ಕೇಳಿಸುತ್ತದೆ. ತೊಟ್ಟಿಯನ್ನು ಬೇರೆ ಕೋಣೆಯಾಗಿ ಮಾಡಿ ಅದಕ್ಕೆ ಸದ್ದೇ ಹೋಗದಂತೆ ಮಾಡಿದ್ದು ಅಳಿಯನ ಆಲೋಚನೆ, ನನಗೆ ಹಿಡಿಸಿತು. ಜಗಳವಾದದ್ದು ಗೋಡೆಯ ವಿಷಯಕ್ಕೆ. ಜನ ನಡೆಯುವ ದಾರಿಯನ್ನೇ ಸದ್ದೂ ಹಿಡಿಯುವುದರಿಂದ, ಕೋಟೆ ಗೋಡೆಯ ಆಚೆ ಬದಿಗೆ ಆತುಕೊಂಡು ನಿಂತವನಿಗೆ ಬಾಗಿಲು ಸುತ್ತಿ ಬಂದ ಗುಡುಗಷ್ಟೇ ಕೇಳುತ್ತಿತ್ತು. "ಗ್ವಾಡಿ ಅಡ್ಡ ಐತಲ್ರಿ ಮಾಮಾ" ಎಂಬುದು ಅವನ ವಾದ, 55 ಟನ್ನಿನ ತೋಪಿಗೆ ಗೋಡೆಯ ಹಂಗಿಲ್ಲ ಎಂಬುದು ನನ್ನದು. ಈಗ ಲೋಕದ ಫೈಲಿನಲ್ಲಿ ಪ್ರತಿ ದಾರಿಯ ಮುಂದೆ ಎರಡು ಅಂಕಣಗಳಿವೆ, ಒಂದು ನಡಿಗೆಗೆ, ಒಂದು ಸದ್ದಿಗೆ. ಗೋಡೆ ಇರುವಲ್ಲಿ ಮೊದಲನೆಯದು ಖಾಲಿ, ಎರಡನೆಯದರಲ್ಲಿ ಸದ್ದು ಎಷ್ಟು ಕುಗ್ಗಬೇಕೆಂಬ ಅಂಕಿ. ಗೋಲಗುಮ್ಮಟದ ಗೋಡೆಗೆ ಯಾವ ಅಂಕಿ ಹಾಕಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.